ಬೆಳಕಿನ ಹಳಿ ಬದಲಿಸುವ ಸೂಕ್ಷ್ಮ ಯಂತ್ರ

ಮುಂಬಯಿಯಿಂದ ರೈಲಿನಲ್ಲಿ ಹೊರಟವರು ಕಲ್ಯಾಣ ಜಂಕ್ಷನ್ನಿನ ಬಳಿ ಹಳಿಗಳು ಕವಲೊಡೆಯುವ ನೋಟವನ್ನು ಕಿಟಕಿಯಿಂದ ಕಂಡೇ ಇರುತ್ತಾರೆ. ಅಷ್ಟು ಭಾರದ ಗಾಡಿಯು ಪುಣೆಯ ಕಡೆಗೆ ತಿರುಗಬೇಕೋ ನಾಸಿಕದ ಕಡೆಗೆ ತಿರುಗಬೇಕೋ ಎಂಬುದನ್ನು ನಿರ್ಣಯಿಸುವುದು ಕೆಲವು ಅಂಗುಲ ಮಾತ್ರ ಸರಿಯುವ ಎರಡು ಉಕ್ಕಿನ ನಾಲಗೆಗಳು. ರೈಲ್ವೆಯವರು ಇವನ್ನು ಪಾಯಿಂಟುಗಳೆಂದು ಕರೆಯುತ್ತಾರೆ. ಈ ಪಾಯಿಂಟು ಗಾಡಿಯನ್ನು ಎಳೆಯುವುದಿಲ್ಲ, ಒಳಗೆ ಕುಳಿತವರ ಟಿಕೇಟನ್ನು ಕೇಳುವುದಿಲ್ಲ. ದಾರಿಯನ್ನು ತೋರಿಸಿ ತಾನು ಸುಮ್ಮನಿರುತ್ತದೆ.

ಇಂತಹುದೇ ಪಾಯಿಂಟೊಂದನ್ನು ಬೆಳಕಿಗಾಗಿ ನಿರ್ಮಿಸಲು ಸಾಧ್ಯವೇ? ಸಾಧ್ಯವೆಂದು ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣದಾದ ಸಿಲಿಕಾನ್ ಹಳಿಗಳ ಮೇಲೆ ಬೆಳಕು ಓಡುತ್ತದೆ. ಬಹು ಸೂಕ್ಷ್ಮವಾದ ಒಂದು ಚಲನೆಯಿಂದ ಅದರ ದಾರಿಯು ಬದಲಾಗುತ್ತದೆ. ಇದರ ಕಥೆಯನ್ನು ನಮ್ಮ ಹೋಟೆಲ್ ಬಂಧುಗಳೂ ಕಚೇರಿಗಳಲ್ಲಿ ದುಡಿಯುವ ಮಿತ್ರರೂ ತಿಳಿದುಕೊಳ್ಳುವುದು ಅವಶ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ಗಲ್ಲಾದಿಂದ ಹೊರಟ ಸಂದೇಶ

ಇಂದು ಗಲ್ಲಾದ ಮುಂದೆ ನಿಲ್ಲುವ ಗಿರಾಕಿಯು ಜೇಬಿನಿಂದ ನೋಟನ್ನು ತೆಗೆಯುವುದು ಅಪರೂಪ. ಚೌಕಾಕಾರದ ಚಿತ್ರದತ್ತ ಫೋನನ್ನು ಹಿಡಿಯುತ್ತಾನೆ. ಎರಡು ಕ್ಷಣಗಳಲ್ಲಿ ಚಹಾದ ಹಣ ಸಂದಾಯವಾಯಿತೆಂದು ಪೆಟ್ಟಿಗೆಯೊಂದು ಕೂಗಿ ಹೇಳುತ್ತದೆ. ಆ ಎರಡು ಕ್ಷಣಗಳಲ್ಲಿ ಸಂದೇಶವು ಫೋನಿನಿಂದ ಗೋಪುರಕ್ಕೆ ರೇಡಿಯೋ ಅಲೆಯಾಗಿ ಹೋಗಿ, ಅಲ್ಲಿಂದ ಮುಂದಿನ ಹೆಚ್ಚಿನ ದೂರವನ್ನು ಗಾಜಿನ ಎಳೆಯೊಳಗೆ ಬೆಳಕಾಗಿ ಕ್ರಮಿಸಿ, ಬ್ಯಾಂಕುಗಳ ಲೆಕ್ಕವಿರುವ ಡೇಟಾ ಸೆಂಟರುಗಳನ್ನು ಮುಟ್ಟಿ ಹಿಂದಿರುಗಿ ಬಂದಿರುತ್ತದೆ. ಗಾಜಿನ ಎಳೆಯಲ್ಲಿ ಬೆಳಕನ್ನು ಬಹುದೂರ ಕಳುಹಿಸಬಹುದೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವೋ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ನಮ್ಮ ಮುಂಬಯಿ ಮತ್ತು ಚೆನ್ನೈ ನಗರಗಳ ಕಡಲತೀರಗಳಲ್ಲಿಯೇ ಪರದೇಶಗಳಿಂದ ಬಂದ ಇಂತಹ ಎಳೆಗಳ ಕೇಬಲ್ಲುಗಳು ಸಮುದ್ರದಿಂದ ಮೇಲೇರುತ್ತವೆ.

ದಾರಿ ನೇರವಾಗಿದ್ದರೆ ಬೆಳಕಿಗೆ ತೊಂದರೆಯಿಲ್ಲ. ತೊಂದರೆಯು ಪ್ರಾರಂಭವಾಗುವುದು ನಾಲ್ಕು ದಾರಿಗಳು ಕೂಡುವಲ್ಲಿ. ಈಗ ಬಹುತೇಕ ಕಡೆಗಳಲ್ಲಿ ನಡೆಯುವ ಪದ್ಧತಿಯನ್ನು ಗುಮಾಸ್ತರಿಗೆ ತಿಳಿಯುವಂತೆ ಹೇಳಬೇಕಾದರೆ ಹೀಗೆ: ಟಪಾಲು ಕಚೇರಿಯೊಂದರಲ್ಲಿ ಬಂದ ಪ್ರತಿಯೊಂದು ಲಕೋಟೆಯನ್ನೂ ಒಡೆದು, ಒಳಗಿನ ಕಾಗದವನ್ನು ಅಕ್ಷರಶಃ ನಕಲು ಮಾಡಿ, ವಿಳಾಸವನ್ನು ಓದಿ, ಹೊಸ ಲಕೋಟೆಯಲ್ಲಿಟ್ಟು ಮುಂದಕ್ಕೆ ಕಳುಹಿಸುತ್ತಾರೆಂದು ಊಹಿಸಿಕೊಳ್ಳಿರಿ. ಪ್ರತಿ ಕವಲಿನಲ್ಲಿಯೂ ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸಿ, ವಿಳಾಸವನ್ನು ಓದಿ, ಮತ್ತೆ ಬೆಳಕಾಗಿ ಮಾರ್ಪಡಿಸಿ ಕಳುಹಿಸುವ ಕೆಲಸವು ಇದೇ ಬಗೆಯದು. ಕೆಲಸವು ಬಹು ಶೀಘ್ರವಾಗಿ ನಡೆಯುವುದೇನೋ ನಿಜ. ಆದರೆ ಪ್ರತಿ ನಕಲಿಗೂ ವಿದ್ಯುತ್ತು ಬೇಕು, ಆ ವಿದ್ಯುತ್ತು ಶಾಖವಾಗುತ್ತದೆ, ಆ ಶಾಖವನ್ನು ಹೊರಹಾಕಲು ಮತ್ತೆ ವಿದ್ಯುತ್ತು ಬೇಕು.

ಹನಿಹನಿ ಕೂಡಿದರೆ ಹಳ್ಳವೆಂಬಂತೆ ಈ ವೆಚ್ಚವು ಬೆಳೆಯುತ್ತದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು ಸುಮಾರು 41,500 ಕೋಟಿ ಯೂನಿಟ್ ವಿದ್ಯುತ್ತನ್ನು ಬಳಸಿದವು. ಇದು ಜಗತ್ತಿನ ಒಟ್ಟು ಬಳಕೆಯಲ್ಲಿ ನೂರಕ್ಕೆ ಒಂದೂವರೆ ಪಾಲು. ಇದೆಲ್ಲವೂ ಕವಲುಗಳಲ್ಲಿಯೇ ವೆಚ್ಚವಾಗುವುದಿಲ್ಲ; ಲೆಕ್ಕ ಮಾಡುವ ಯಂತ್ರಗಳ ಪಾಲೇ ದೊಡ್ಡದು. ಆದರೂ ಕವಲುಗಳ ಪಾಲು ಅಲಕ್ಷಿಸತಕ್ಕಷ್ಟು ಸಣ್ಣದಲ್ಲ. ನವಿಮುಂಬಯಿಯಲ್ಲಿಯೂ ಚೆನ್ನೈಯಲ್ಲಿಯೂ ಇಂತಹ ಕೇಂದ್ರಗಳು ಸಾಲಾಗಿ ಎದ್ದಿವೆ. ನಮ್ಮ ಅಡಿಗೆಮನೆಯ ಗ್ರೈಂಡರು ತಿರುಗುವುದೂ ಆ ಕೇಂದ್ರಗಳು ನಡೆಯುವುದೂ ಅದೇ ನಗರದ ವಿದ್ಯುತ್ತಿನಿಂದ. ಆದುದರಿಂದ ಈ ವಿಷಯವು ನಮಗೆ ಸಂಬಂಧಿಸಿದುದಲ್ಲವೆಂದು ಹೇಳುವಂತಿಲ್ಲ.

ಯಂತ್ರ ಹೋಯಿತು, ವಿದ್ಯುತ್ತು ಬಂದಿತು

ದಾರಿ ಬದಲಿಸುವ ಕೆಲಸವನ್ನು ಮೊದಲು ಮಾಡುತ್ತಿದ್ದುದು ಮನುಷ್ಯರ ಕೈ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತ ಆಪರೇಟರು ನಂಬರನ್ನು ಕೇಳಿಕೊಂಡು ತಂತಿಯ ತುದಿಯನ್ನು ಸರಿಯಾದ ರಂಧ್ರಕ್ಕೆ ಚುಚ್ಚಬೇಕಾಗಿತ್ತು. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿಯನ್ನು ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್ ಎಂಬಾತನು, ತನಗೆ ಬರಬೇಕಾದ ಕರೆಗಳನ್ನು ಆಪರೇಟರು ಪ್ರತಿಸ್ಪರ್ಧಿಗೆ ಕೊಡುತ್ತಿರುವಳೆಂದು ಶಂಕಿಸಿ, ಆಪರೇಟರೇ ಇಲ್ಲದ ಎಕ್ಸ್‌ಚೇಂಜನ್ನು ಕಲ್ಪಿಸಿದನೆಂದು ಕಥೆಯಿದೆ. ಕಥೆ ಹೇಗೇ ಇರಲಿ, 1891ರಲ್ಲಿ ಆತನಿಗೆ ಪೇಟೆಂಟು ದೊರಕಿದುದೂ, 1892ರಲ್ಲಿ ಇಂಡಿಯಾನಾ ಪ್ರಾಂತದ ಲಾ ಪೋರ್ಟ್ ಎಂಬ ಊರಿನಲ್ಲಿ ಆ ಪದ್ಧತಿಯ ಎಕ್ಸ್‌ಚೇಂಜು ಪ್ರಾರಂಭವಾದುದೂ ಚರಿತ್ರೆ. ಡಯಲ್ ತಿರುಗಿಸಿದಂತೆ ಲೋಹದ ತೋಳೊಂದು ಮೆಟ್ಟಿಲು ಮೆಟ್ಟಿಲಾಗಿ ಏರಿ, ಪಕ್ಕಕ್ಕೆ ಹೊರಳಿ, ಬೇಕಾದ ತಂತಿಯನ್ನು ಮುಟ್ಟುತ್ತಿತ್ತು.

ಈ ತೋಳಿಗೂ ಕನ್ನಡನಾಡಿಗೂ ನಂಟಿದೆ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಸ್ಟ್ರೌಜರ್ ಪದ್ಧತಿಯ ಉಪಕರಣಗಳನ್ನು ದೇಶಕ್ಕೆಲ್ಲ ತಯಾರಿಸಿ ಕೊಟ್ಟಿತು; ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. ಅನಂತರ ಇಲೆಕ್ಟ್ರಾನಿಕ್ ಯುಗ ಬಂದಿತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗಾಗಿ ರೂಪಿಸಿದ 128 ಲೈನುಗಳ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಅದರೊಳಗೆ ದಾರಿ ಬದಲಿಸಲು ಏರಿಳಿಯುವ ತೋಳಿರಲಿಲ್ಲ. ಚಲಿಸುವ ಯಂತ್ರಭಾಗವೆಂದರೆ ಸವೆಯುವುದು, ಕೆಡುವುದು, ನಿಧಾನವಾದುದು. ಇನ್ನು ಅದರ ಕಾಲ ಮುಗಿಯಿತೆಂದು ಜನರು ಭಾವಿಸಿದರು.

ಆ ಚಲಿಸುವ ಭಾಗವೇ ಈಗ ಬೆಳಕಿನ ಚಿಪ್ಪಿನೊಳಗೆ ಹಿಂದಿರುಗಿ ಬಂದಿರುವುದು ಸೋಜಿಗದ ಸಂಗತಿ.

ಸಿಲಿಕಾನ್ ಎಂಬ ಕಾಲುವೆ

ಕಂಪ್ಯೂಟರಿನ ಚಿಪ್ಪುಗಳನ್ನು ತಯಾರಿಸುವ ಸಿಲಿಕಾನ್ ಬರಿಗಣ್ಣಿಗೆ ಬೂದುಬಣ್ಣದ, ಕನ್ನಡಿಯಂತೆ ಹೊಳೆಯುವ ವಸ್ತು. ನಮ್ಮ ಕಣ್ಣಿಗೆ ಕಾಣುವ ಬೆಳಕು ಅದನ್ನು ದಾಟಲಾರದು. ಆದರೆ ಗಾಜಿನ ಎಳೆಗಳಲ್ಲಿ ಸಂದೇಶವನ್ನು ಹೊರುವ ಬೆಳಕು ಕಣ್ಣಿಗೆ ಕಾಣದ ಜಾತಿಯದು. ಅದರ ಅಲೆಯ ಉದ್ದ ಸುಮಾರು 1.55 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದೂವರೆ ಪಾಲು. ಆ ಬೆಳಕಿಗೆ ಸಿಲಿಕಾನ್ ಸ್ಫಟಿಕದಂತೆ ಪಾರದರ್ಶಕ. ಗಾಜಿನಂತಹ ಪದರದ ಮೇಲೆ ಸಿಲಿಕಾನಿನ ಸಣ್ಣ ದಿಣ್ಣೆಯೊಂದನ್ನು ಬಿಟ್ಟು ಉಳಿದುದನ್ನು ಕೆತ್ತಿ ತೆಗೆದರೆ ಅದೇ ಬೆಳಕಿನ ಕಾಲುವೆ. ಇದರ ಅಗಲ ಸಾಧಾರಣವಾಗಿ ಮೈಕ್ರಾನಿನ ಅರ್ಧದಷ್ಟು, ಎತ್ತರ ಅದರ ಅರ್ಧಕ್ಕೂ ಕಡಿಮೆ.

ಬೆಳಕು ಈ ಕಾಲುವೆಯಿಂದ ಹೊರಗೆ ಚೆಲ್ಲಿಹೋಗುವುದಿಲ್ಲವೇಕೆ? ನೀರಿನೊಳಗೆ ಮುಳುಗಿ ಓರೆಯಾಗಿ ಮೇಲೆ ನೋಡಿದರೆ ನೀರಿನ ಮೇಲ್ಮೈ ಕನ್ನಡಿಯಂತೆ ಹೊಳೆಯುವುದನ್ನು ಕೆರೆಯಲ್ಲಿ ಈಜಿದವರು ಕಂಡಿರಬಹುದು. ಸಾಂದ್ರವಾದ ವಸ್ತುವಿನೊಳಗಿನಿಂದ ಓರೆಯಾಗಿ ಬಂದ ಬೆಳಕು ಅಂಚಿನಲ್ಲಿ ಪೂರ್ಣವಾಗಿ ಹಿಂದಿರುಗುತ್ತದೆ. ಆದರೆ ಇಲ್ಲೊಂದು ಗುಟ್ಟಿದೆ. ಹಿಂದಿರುಗುವ ಮುನ್ನ ಬೆಳಕಿನ ಸೆರಗು ಅಂಚಿನಿಂದ ಒಂದಿಷ್ಟು ಹೊರಗೆ ಚಾಚಿರುತ್ತದೆ. ಬಲು ಸಮೀಪಕ್ಕೆ ಇನ್ನೊಂದು ಕಾಲುವೆಯನ್ನು ತಂದಿಟ್ಟರೆ ಆ ಸೆರಗು ಅದಕ್ಕೆ ತಾಕಿ, ಬೆಳಕು ನಡುವಣ ಗಾಳಿಯ ಸಂದನ್ನು ದಾಟಿ ಅತ್ತಕಡೆಗೆ ಹೋಗಿಬಿಡುತ್ತದೆ. ಸಂದು ಅಗಲವಾದರೆ ದಾಟಲಾರದು.

ಗಾಜುಗಳನ್ನು ಒಂದಕ್ಕೊಂದು ಒತ್ತಿ ನ್ಯೂಟನ್ನನು ಇದನ್ನು ಗಮನಿಸಿದ್ದನು. ನಮ್ಮ ದೇಶದ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿದ್ಯುತ್ ಅಲೆಗಳ ಮೇಲೆ ಇದೇ ಪರೀಕ್ಷೆಯನ್ನು ನಡೆಸಿ, ಗಾಳಿಯ ಸಂದಿನ ದಪ್ಪವನ್ನು ಹೆಚ್ಚುಕಡಿಮೆ ಮಾಡಿದರೆ ದಾಟುವ ಅಲೆಯ ಪ್ರಮಾಣವು ಹೇಗೆ ಬದಲಾಗುವುದೆಂಬುದನ್ನು 1897ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿಮಾಡಿದರು. ಬೋಸರ ಅಲೆಗಳು ಬೆಳಕಿಗಿಂತ ಸಾವಿರಾರು ಪಾಲು ಉದ್ದವಾದವು. ಆದ್ದರಿಂದ ಅವರ ಸಂದುಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು. ತತ್ತ್ವ ಮಾತ್ರ ಒಂದೇ. ಸಂದನ್ನು ಕಿರಿದುಮಾಡಿದರೆ ದಾರಿ ತೆರೆಯುತ್ತದೆ, ಹಿರಿದುಮಾಡಿದರೆ ದಾರಿ ಮುಚ್ಚುತ್ತದೆ.

ಸೇತುವೆ ಇಳಿದರೆ ತಿರುವು, ಏರಿದರೆ ನೇರ

ಈಗ ಸ್ವಿಚ್ಚಿನ ರಚನೆಯನ್ನು ನೋಡೋಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯಲ್ಲಿ ಮಿಂಗ್ ವೂ ಅವರೂ ಅವರ ಸಂಗಡಿಗರೂ ರೂಪಿಸಿದ ಚಿಪ್ಪಿನಲ್ಲಿ ಬೆಳಕಿನ ಕಾಲುವೆಗಳು ಅಡ್ಡಸಾಲು ಕಂಬಸಾಲುಗಳಾಗಿ, ಚಾಪೆಯ ಹೆಣಿಗೆಯಂತೆ ಹರಡಿಕೊಂಡಿವೆ. ಪ್ರತಿಯೊಂದು ಕೂಡುದಾರಿಯ ಮೇಲೆ ತೆಳುವಾದ ಸಿಲಿಕಾನ್ ಸೇತುವೆಯೊಂದು ಸಣ್ಣ ಸ್ಪ್ರಿಂಗುಗಳಿಂದ ಗಾಳಿಯಲ್ಲಿ ತೂಗಾಡುತ್ತದೆ. ಸೇತುವೆ ಮೇಲಿರುವಾಗ ಕೆಳಗಿನ ಬೆಳಕಿಗೆ ಅದರ ಇರವೇ ತಿಳಿಯದು. ಬೆಳಕು ನೇರವಾಗಿ ಹೋಗುತ್ತದೆ. ವಿದ್ಯುತ್ ಒತ್ತಡವನ್ನು ಕೊಟ್ಟೊಡನೆ, ತಲೆಗೆ ಉಜ್ಜಿದ ಬಾಚಣಿಗೆಯು ಕಾಗದದ ಚೂರನ್ನು ಸೆಳೆಯುವ ಬಗೆಯಲ್ಲಿ, ಸೇತುವೆಯು ಕೆಳಕ್ಕೆ ಸೆಳೆಯಲ್ಪಡುತ್ತದೆ. ಇಳಿಯುವ ದೂರವು ಒಂದು ಮೈಕ್ರಾನಿನ ಆಸುಪಾಸು. ಸಂದು ಕಿರಿದಾದಂತೆ ಬೆಳಕು ಸೇತುವೆಯನ್ನೇರಿ, ಕಾಲು ಸುತ್ತು ತಿರುಗಿ, ಕಂಬಸಾಲಿನ ಕಾಲುವೆಗೆ ಇಳಿಯುತ್ತದೆ. ಒತ್ತಡವನ್ನು ತೆಗೆದರೆ ಸ್ಪ್ರಿಂಗು ಸೇತುವೆಯನ್ನು ಮತ್ತೆ ಮೇಲೆತ್ತುತ್ತದೆ.

ಈ ಕುಶಲತೆಯಿಂದ ದೊರೆಯುವ ಲಾಭಗಳು ಎರಡು. ಮೊದಲನೆಯದು ವಿದ್ಯುತ್ತಿನ ಉಳಿತಾಯ. ಸಿಲಿಕಾನಿನಲ್ಲಿ ಬೆಳಕಿನ ದಾರಿಯನ್ನು ಬದಲಿಸಲು ಶಾಖವನ್ನು ಬಳಸುವ ಪದ್ಧತಿಯೂ ಇದೆ. ಕಾಲುವೆಯ ಪಕ್ಕದಲ್ಲಿ ಪುಟ್ಟ ಹೀಟರನ್ನಿಟ್ಟು ಅದನ್ನು ಕಾಯಿಸಿದರೆ ಬೆಳಕಿನ ನಡೆ ಬದಲಾಗುತ್ತದೆ. ಆದರೆ ಆ ದಾರಿ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ಹೀಟರು ಉರಿಯುತ್ತಲೇ ಇರಬೇಕು. ಒಬ್ಬ ಗಿರಾಕಿಯ ಸಲುವಾಗಿ ದಿನವಿಡೀ ಬಾಯ್ಲರನ್ನು ಕುದಿಸಿಟ್ಟಂತೆ. ಸೇತುವೆಯ ಸ್ವಿಚ್ಚಿನಲ್ಲಾದರೋ ಒತ್ತಡವನ್ನು ಉಳಿಸಿಕೊಳ್ಳಬೇಕಾದರೂ ನಿಂತ ಸೇತುವೆಯಲ್ಲಿ ಪ್ರವಾಹವು ಬಹುಮಟ್ಟಿಗೆ ಹರಿಯುವುದೇ ಇಲ್ಲ. ಸರಿಯುವಾಗ ಮಾತ್ರ ವೆಚ್ಚ.

ಎರಡನೆಯದು ಇನ್ನೂ ಮುಖ್ಯವಾದುದು. ಒಂದರ ಹಿಂದೊಂದು ಸ್ವಿಚ್ಚುಗಳನ್ನು ಜೋಡಿಸುವ ರಚನೆಯಲ್ಲಿ ಬೆಳಕು ಪ್ರತಿಯೊಂದರೊಳಗೂ ಹಾದುಹೋಗಬೇಕು. ಪ್ರತಿಯೊಂದೂ ಸುಂಕದ ಕಟ್ಟೆಯಂತೆ ಒಂದಿಷ್ಟನ್ನು ಕಿತ್ತುಕೊಳ್ಳುತ್ತದೆ. ಚಾಪೆಯ ಹೆಣಿಗೆಯಲ್ಲಿ ಎಷ್ಟೇ ಸಾವಿರ ಸೇತುವೆಗಳಿದ್ದರೂ ಒಂದು ಬೆಳಕು ಏರುವುದು ಒಂದೇ ಸೇತುವೆಯನ್ನು. ಉಳಿದವುಗಳೆಲ್ಲ ಮೇಲೆ ಸರಿದು ನಿಂತಿರುತ್ತವೆ. ಬೇಡವಾದಾಗ ದಾರಿಯಿಂದ ನಿಜವಾಗಿಯೂ ದೂರ ಸರಿಯುವ ಸಾಮರ್ಥ್ಯವು ಚಲಿಸುವ ವಸ್ತುವಿಗೆ ಮಾತ್ರ ಇದೆ. ಯಂತ್ರವು ಮರಳಿ ಬಂದುದರ ಮರ್ಮವು ಇದೇ.

ಬರ್ಕ್ಲಿಯವರ ಪ್ರಗತಿಯು ಅಂಕಿಗಳಲ್ಲಿ ಹೀಗಿದೆ. 2015ರಲ್ಲಿ 50 ಒಳದಾರಿ ಮತ್ತು 50 ಹೊರದಾರಿಗಳ, ಅಂದರೆ 2,500 ಸ್ವಿಚ್ಚುಗಳ ಚಿಪ್ಪು. 2016ರಲ್ಲಿ 64ಕ್ಕೆ 64, ಅಂದರೆ 4,096 ಸ್ವಿಚ್ಚುಗಳು. ದಾರಿ ಬದಲಾಗಲು ಹಿಡಿದ ಕಾಲ 0.91 ಮೈಕ್ರೋಸೆಕೆಂಡು, ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. 2019ರಲ್ಲಿ 240ಕ್ಕೆ 240, ಅಂದರೆ 57,600 ಸ್ವಿಚ್ಚುಗಳು 4 ಸೆಂಟಿಮೀಟರು ಚೌಕದ ಒಂದೇ ಫಲಕದ ಮೇಲೆ. ಅಚ್ಚುಹಾಕುವ ಯಂತ್ರವು ಒಮ್ಮೆಗೆ ಅಷ್ಟು ದೊಡ್ಡ ಚಿತ್ರವನ್ನು ಮೂಡಿಸಲಾರದಾದ್ದರಿಂದ ಒಂಬತ್ತು ತುಂಡುಗಳನ್ನು ಒಂದರ ಪಕ್ಕದಲ್ಲೊಂದು ಅಚ್ಚೊತ್ತಿ, ಕಾಲುವೆಗಳು ಅಂಚಿನಲ್ಲಿ ಕೂಡುವಂತೆ ಹೊಲಿದರು. ಸ್ಟ್ರೌಜರನ ತೋಳು ಒಂದು ನಂಬರನ್ನು ಮುಟ್ಟಲು ಸೆಕೆಂಡುಗಳನ್ನೇ ತೆಗೆದುಕೊಳ್ಳುತ್ತಿತ್ತೆಂಬುದನ್ನು ನೆನೆದರೆ, ಯಂತ್ರವೆಂದರೆ ನಿಧಾನವೆಂಬ ಮಾತು ಗಾತ್ರಕ್ಕೆ ಸಂಬಂಧಿಸಿದುದೆಂದು ತಿಳಿಯುತ್ತದೆ. ವಸ್ತು ಸಣ್ಣದಾದಷ್ಟೂ ಅದರ ಭಾರ ಕಡಿಮೆ; ಭಾರ ಕಡಿಮೆಯಾದಷ್ಟೂ ಚಲನೆ ಚುರುಕು.

ಕನ್ನಡಿಗಳು ಕಲಿಸಿದ ಪಾಠ

ಬೆಳಕಿನ ದಾರಿಯನ್ನು ಯಂತ್ರದಿಂದ ಬದಲಿಸುವ ಪ್ರಯತ್ನವು ಇದೇ ಮೊದಲನೆಯದಲ್ಲ. ಲೂಸೆಂಟ್ ಕಂಪೆನಿಯು 1999ರಲ್ಲಿ 256 ಸೂಕ್ಷ್ಮ ಕನ್ನಡಿಗಳುಳ್ಳ ಸ್ವಿಚ್ಚೊಂದನ್ನು ಪ್ರಕಟಿಸಿತು. ಕನ್ನಡಿಯು ವಾಲಿದಂತೆ ಬೆಳಕಿನ ಕೋಲು ಬೇರೆ ಎಳೆಗೆ ಬೀಳುವುದು ಅದರ ಕ್ರಮ. ಅನಂತರ ದೂರಸಂಪರ್ಕದ ಮಾರುಕಟ್ಟೆ ಕುಸಿದುಬಿದ್ದಿತು. ಕೆಲವೇ ವರ್ಷಗಳಲ್ಲಿ ಆ ಸರಕು ಕೈಬಿಡಲ್ಪಟ್ಟಿತು. ಆದರೆ ತತ್ತ್ವವು ಸಾಯಲಿಲ್ಲ. ತನ್ನ ಡೇಟಾ ಸೆಂಟರುಗಳಲ್ಲಿ 136ಕ್ಕೆ 136 ದಾರಿಗಳ ಕನ್ನಡಿ ಸ್ವಿಚ್ಚುಗಳನ್ನು ಬಳಸುತ್ತಿರುವುದಾಗಿ ಗೂಗಲ್ 2022ರಲ್ಲಿ ಪ್ರಕಟಿಸಿತು. ಇವನ್ನೊಳಗೊಂಡ ಹೊಸ ಜಾಲದಲ್ಲಿ ವಿದ್ಯುತ್ತಿನ ಬಳಕೆ ನೂರಕ್ಕೆ 41ರಷ್ಟು ಇಳಿಯಿತೆಂಬುದು ಆ ಕಂಪೆನಿಯ ಹೇಳಿಕೆ. ಕನ್ನಡಿಗಳು ವಾಲಿ ನೆಲೆಗೊಳ್ಳಲು ಮಿಲಿಸೆಕೆಂಡುಗಳು ಬೇಕು. ಚಿಪ್ಪಿನ ಮೇಲಿನ ಸೇತುವೆ ಅದಕ್ಕಿಂತ ಸಾವಿರ ಪಾಲು ಚುರುಕಾಗಿದೆ, ಅಚ್ಚಿನಲ್ಲಿ ಮುದ್ರಿಸಿದಂತೆ ತಯಾರಾಗುತ್ತದೆ. ಕನ್ನಡಿಗಳ ಯಶಸ್ಸೇ ಸೇತುವೆಯವರಿಗೆ ಧೈರ್ಯವನ್ನು ತಂದಿದೆ.

ಇನ್ನೂ ಉಳಿದಿರುವ ತೊಡಕುಗಳು

ಗುಣವನ್ನು ಹೇಳಿ ದೋಷವನ್ನು ಮರೆಮಾಚುವುದು ಪತ್ರಿಕಾಧರ್ಮವಲ್ಲ. ಅಷ್ಟು ಸಣ್ಣ ಸಂದಿನಲ್ಲಿ ಎರಡು ಮೈಗಳು ತಾಕಿದರೆ, ಒದ್ದೆಯಾದ ಎರಡು ಗಾಜುಗಳಂತೆ, ಅಂಟಿಕೊಂಡು ಬಿಡದಿರುವ ಭಯವಿದೆ. ಅದಕ್ಕಾಗಿ ಪೂರ್ತಿ ತಾಕದಂತೆ ತಡೆಗಳನ್ನು ಇಡಬೇಕಾಗುತ್ತದೆ. ತೇವ, ಧೂಳು ಒಳಸೇರದಂತೆ ಚಿಪ್ಪನ್ನು ಬಿಗಿಯಾಗಿ ಮುಚ್ಚಬೇಕು. ಸೇತುವೆಯನ್ನು ಎಳೆಯಲು ಹತ್ತಾರು ವೋಲ್ಟುಗಳ ಒತ್ತಡ ಬೇಕು. ಸಾಮಾನ್ಯ ಚಿಪ್ಪುಗಳು ನಡೆಯುವುದು ಒಂದೆರಡು ವೋಲ್ಟಿನಲ್ಲಿ. ಬೆಳಕಿನ ನಷ್ಟವೂ ಉಂಟು. 2016ರ ಚಿಪ್ಪಿನಲ್ಲಿ ಅತಿ ಹೆಚ್ಚು ನಷ್ಟದ ದಾರಿಯಲ್ಲಿಯೂ ನೂರಕ್ಕೆ ಸುಮಾರು 43 ಪಾಲು ಬೆಳಕು ಹೊರಕ್ಕೆ ಬಂದರೆ, 2019ರ ದೊಡ್ಡ ಫಲಕದಲ್ಲಿ ಅಂತಹ ದಾರಿಯನ್ನು ಕ್ರಮಿಸಿದ ಬೆಳಕಿನಲ್ಲಿ ಉಳಿದುದು ಸುಮಾರು 10 ಪಾಲು. ಇನ್ನು ನೂರಾರು ಗಾಜಿನ ಎಳೆಗಳನ್ನು ಅಂತಹ ಸಣ್ಣ ಕಾಲುವೆಗಳ ಬಾಯಿಗೆ ಸರಿಯಾಗಿ ಹೊಂದಿಸಿ ಕೂಡಿಸುವುದು ಸ್ವಿಚ್ಚನ್ನು ತಯಾರಿಸುವುದಕ್ಕಿಂತ ಸುಲಭದ ಕೆಲಸವಲ್ಲ.

ಇನ್ನೊಂದು ಮಿತಿಯನ್ನೂ ಅರಿಯಬೇಕು. ಈ ಸ್ವಿಚ್ಚು ವಿಳಾಸವನ್ನು ಓದಲಾರದು. ಮೊಹರು ಹಾಕಿದ ಟಪಾಲು ಚೀಲವನ್ನು ಇಡಿಯಾಗಿ ಒಂದು ಗಾಡಿಯಿಂದ ಇನ್ನೊಂದು ಗಾಡಿಗೆ ದಾಟಿಸುವಂತೆ, ಬೆಳಕಿನ ಹೊನಲನ್ನು ಇಡಿಯಾಗಿ ಅದು ತಿರುಗಿಸುತ್ತದೆ. ಚೀಲವನ್ನು ಬಿಚ್ಚಿ ಲಕೋಟೆಗಳನ್ನು ವಿಂಗಡಿಸುವ ಗುಮಾಸ್ತನು ಕೊನೆಯ ಊರಿನಲ್ಲಿ ಬೇಕೇ ಬೇಕು. ಆ ಕೆಲಸ ಇಲೆಕ್ಟ್ರಾನಿಕ್ ಯಂತ್ರದ್ದಾಗಿಯೇ ಉಳಿಯುತ್ತದೆ. ನಡುದಾರಿಯಲ್ಲಿ ಪ್ರತಿ ನಿಲ್ದಾಣದಲ್ಲಿಯೂ ಚೀಲವನ್ನು ಬಿಚ್ಚುವ ವ್ಯರ್ಥ ಶ್ರಮವು ತಪ್ಪುವುದೇ ಇದರ ಪ್ರಯೋಜನ.

ನಮಗೇನು?

ದಾರಿ ಬದಲಿಸುವ ಯಂತ್ರವು ಬದಲಾದಾಗಲೆಲ್ಲ ದುಡಿಯುವವರ ದಾರಿಯೂ ಬದಲಾಗಿದೆ. ಸ್ವಯಂಚಾಲಿತ ಎಕ್ಸ್‌ಚೇಂಜುಗಳು ಬಂದು ಆಪರೇಟರುಗಳ ಕೆಲಸವನ್ನು ಕಿತ್ತುಕೊಂಡವು. ಅವೇ ಯಂತ್ರಗಳನ್ನು ತಯಾರಿಸುವ ಬೆಂಗಳೂರಿನ ಕಾರ್ಖಾನೆ ಸಾವಿರಾರು ಮನೆಗಳ ಒಲೆಯನ್ನು ಉರಿಸಿತು. ಇಲೆಕ್ಟ್ರಾನಿಕ್ ಪದ್ಧತಿ ಬಂದಾಗ ಲೋಹದ ತೋಳುಗಳನ್ನು ಜೋಡಿಸುವ ಕೈಚಳಕಕ್ಕೆ ಬೆಲೆ ಇಲ್ಲದಂತಾಯಿತು. ಕಳೆದುಕೊಂಡವರೂ ಪಡೆದುಕೊಂಡವರೂ ಒಬ್ಬರೇ ಆಗಿರಲಿಲ್ಲವೆಂಬುದನ್ನು ಮರೆಯಬಾರದು. ಮುಂದೇನು ಬರುತ್ತಿದೆಯೆಂಬುದನ್ನು ಮೊದಲೇ ಅರಿತ ಮನೆಯವರಿಗೆ ಮಾತ್ರ ಬದಲಾವಣೆಯು ಆಘಾತವಾಗಿ ಬರುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಚೆನ್ನೈಯ ಐಐಟಿಯಲ್ಲಿಯೂ ಸಿಲಿಕಾನಿನ ಬೆಳಕಿನ ಕಾಲುವೆಗಳ ಮೇಲೆ ಸಂಶೋಧನೆ ನಡೆಯುತ್ತಿದೆ. ಈ ವಿದ್ಯೆಗೆ ದೊಡ್ಡ ಪದವೀಧರರು ಮಾತ್ರ ಸಾಕಾಗುವುದಿಲ್ಲ. ಎಳೆಗಳನ್ನು ಹೊಂದಿಸುವವರು, ಧೂಳಿಲ್ಲದ ಕೋಣೆಯಲ್ಲಿ ಯಂತ್ರಗಳನ್ನು ನಡೆಸುವವರು, ಅಳೆದು ಪರೀಕ್ಷಿಸುವವರು ಬೇಕು. ಐಟಿಐ, ಡಿಪ್ಲೊಮಾಗಳಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಫೈಬರ್ ಜೋಡಣೆಯನ್ನೂ ಸೂಕ್ಷ್ಮ ಮಾಪನವನ್ನೂ ಇಂದಿನಿಂದಲೇ ಕಲಿಯತೊಡಗಲಿ. ಹತ್ತನೆಯ ತರಗತಿಯ ಭೌತಶಾಸ್ತ್ರದ ಪುಸ್ತಕದಲ್ಲಿ ಬೆಳಕು ಬಾಗುವ, ಹಿಂದಿರುಗುವ ಪಾಠ ಬಂದಾಗ, ಪರೀಕ್ಷೆಗೆ ಇದು ಬರುವುದಿಲ್ಲವೆಂದು ಹಾಳೆಯನ್ನು ಮಗುಚದಿರಲಿ.

ಕಾಲವು ಮುಗಿಯಿತೆಂದು ಜನರು ಬದಿಗಿಟ್ಟ ಚಲನೆಯು ಒಂದು ಮೈಕ್ರಾನಿನಷ್ಟು ಸರಿಯುವ ಸೇತುವೆಯಾಗಿ ಮರಳಿ ಕೆಲಸಕ್ಕೆ ಬಂದಿದೆ. ಬೇಕಾದಾಗ ಇಳಿದು ದಾರಿಯನ್ನು ಕೊಟ್ಟು, ಬೇಡವಾದಾಗ ಸರಿದು ನಿಂತು, ತನಗಾಗಿ ಬಹು ಅಲ್ಪವನ್ನು ಮಾತ್ರ ಬೇಡುವ ಈ ಪುಟ್ಟ ಸೇವಕನಿಂದ ನಮ್ಮ ನಗರಗಳ ವಿದ್ಯುತ್ತು ಒಂದಿಷ್ಟು ಉಳಿಯುವಂತಾದರೆ, ಅದರ ಫಲವು ನಮ್ಮ ಮನೆಯ ದೀಪದವರೆಗೂ ಬರುವುದೆಂದು ಆಶಿಸೋಣ.